ಅಂಕಿಯಾಗಿ ಉಳಿದ ಕಾರ್ಡು: ಗಡಿಯಾಚೆಯ ಆನ್‌ಲೈನ್ ವ್ಯಾಪಾರದ ಪಾವತಿ ಸಾಧನದ ಚರಿತ್ರೆ

ದೂರದ ಊರಿನ ಅಪರಿಚಿತನಿಗೆ ಹಣ ಸಲ್ಲಿಸಬೇಕಾದ ವರ್ತಕನಿಗೆ ಎಲ್ಲ ಕಾಲದಲ್ಲಿಯೂ ಎದುರಾಗುವ ಸಮಸ್ಯೆ ಒಂದೇ: ಹಣ ಪಡೆಯುವ ಅಧಿಕಾರವನ್ನು ಆತನಿಗೆ ಕೊಡದೆ ವ್ಯಾಪಾರ ನಡೆಯದು, ಅಗತ್ಯಕ್ಕಿಂತ ಹೆಚ್ಚು ಕೊಟ್ಟರೆ ಗಂಟು ಉಳಿಯದು. ಇಂದು ದೇಶದಿಂದ ದೇಶಕ್ಕೆ ಸರಕು ಮಾರುವ ಆನ್‌ಲೈನ್ ವರ್ತಕರು ಜಾಹೀರಾತು, ಅಂಗಡಿ ಬಾಡಿಗೆ, ತಂತ್ರಾಂಶದ ಚಂದಾ ಮುಂತಾದ ವೆಚ್ಚಗಳನ್ನು ತೀರಿಸಲು ಬಳಸುವ ವರ್ಚುವಲ್ ಕಾರ್ಡು, ಅಂದರೆ ಕೈಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ತುಂಡೇ ಇಲ್ಲದೆ ಕೇವಲ ಒಂದು ಸಂಖ್ಯೆ, ಒಂದು ಕೊನೆಯ ದಿನಾಂಕ ಮತ್ತು ಒಂದು ಭದ್ರತಾ ಸಂಕೇತವಾಗಿ ಇರುವ ಪಾವತಿ ಸಾಧನ, ಈ ಹಳೆಯ ಸಮಸ್ಯೆಗೆ ದೊರೆತ ಇತ್ತೀಚಿನ ಉತ್ತರವಾಗಿದೆ. ಅದರ ಚರಿತ್ರೆಯನ್ನು ತಂತ್ರಜ್ಞಾನದ ಪ್ರಗತಿಯ ಕಥೆಯೆಂದಷ್ಟೇ ಓದುವುದು ಸಾಲದು. ವಿಶ್ವಾಸಕ್ಕೆ ಗಡಿ ಹಾಕುವ ಕಲೆ ಹೇಗೆ ಬೆಳೆಯಿತು, ಮತ್ತು ಆ ಗಡಿಯನ್ನು ಕಾಯುವ ಹೊಣೆ ಯಾರ ಮೇಲೆ ಬಿತ್ತು ಎಂಬುದೇ ಅದರ ತಿರುಳು.

ಭಾರತದ ವರ್ತಕರಿಗೆ ಈ ಕಲೆ ಹೊಸದಲ್ಲ. ಒಂದು ಪೇಟೆಯ ಸಾಹುಕಾರನು ಇನ್ನೊಂದು ಪೇಟೆಯ ಸಾಹುಕಾರನಿಗೆ ಇಷ್ಟು ಹಣವನ್ನು ಇಂಥವರಿಗೆ ಕೊಡಬೇಕೆಂದು ಬರೆದುಕೊಡುತ್ತಿದ್ದ ಆದೇಶಪತ್ರವಾದ ಹುಂಡಿಯಲ್ಲಿ ಹಲವು ಬಗೆಗಳಿದ್ದವು. ದರ್ಶನಿ ಹುಂಡಿಗೆ ಕಂಡೊಡನೆ ಹಣ ಕೊಡಬೇಕಾಗುತ್ತಿತ್ತು. ಮುದ್ದತಿ ಹುಂಡಿಗೆ ಗೊತ್ತಾದ ಗಡುವು ಕಳೆದ ಮೇಲೆ. ಶಾಹಜೋಗ್ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರಿದ್ದ ವರ್ತಕನಿಗೆ, ಇಲ್ಲವೇ ಅಂಥವನ ಮೂಲಕ, ಮಾತ್ರ ಸಲ್ಲಿಸಬೇಕಾಗಿತ್ತು. ಜೋಖ್ಮಿ ಹುಂಡಿಯಲ್ಲಿ ಸರಕು ಸುರಕ್ಷಿತವಾಗಿ ಸೇರಿದರೆ ಮಾತ್ರ ಹಣದ ಹೊಣೆ ಹುಟ್ಟುತ್ತಿತ್ತು. ಮೂಲ ಹುಂಡಿ ಕಳೆದುಹೋದರೆ ಪೈಠ್ ಎಂಬ ಬದಲಿ ಪತ್ರವನ್ನು ಬರೆದುಕೊಡುವ ಪದ್ಧತಿಯೂ ಇತ್ತು. ಯಾರಿಗೆ, ಯಾವಾಗ, ಯಾವ ಷರತ್ತಿನ ಮೇಲೆ ಎಂಬ ಮೂರು ಮಿತಿಗಳನ್ನೂ ಕಾಗದದ ಮೇಲೆಯೇ ಬರೆಯಬಹುದಾಗಿತ್ತು. ಆದರೆ ಆ ಬರಹಕ್ಕೆ ಬೆಲೆ ಬರುತ್ತಿದ್ದುದು ಅದನ್ನು ಬರೆದ ಮನೆತನದ ಸಾಖಿನಿಂದ, ಅಂದರೆ ಪೇಟೆಯಲ್ಲಿ ಅದಕ್ಕಿದ್ದ ವಿಶ್ವಾಸಾರ್ಹತೆಯಿಂದ.

ಇಪ್ಪತ್ತನೆಯ ಶತಮಾನದ ಪಾವತಿ ಕಾರ್ಡು ಈ ಸೂಕ್ಷ್ಮ ಮಿತಿಗಳನ್ನು ಬಿಟ್ಟು ಬೇರೆ ದಾರಿ ಹಿಡಿಯಿತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕ್ ಮೆಕ್‌ನಮಾರಾ ಮತ್ತು ರಾಲ್ಫ್ ಶ್ನೈಡರ್ ಆರಂಭಿಸಿದ ಡೈನರ್ಸ್ ಕ್ಲಬ್, ಸದಸ್ಯನು ಊಟ ಮಾಡಿದ ಹೋಟೆಲಿಗೆ ತಾನೇ ಹಣ ಕೊಟ್ಟು ತಿಂಗಳ ಕೊನೆಗೆ ಸದಸ್ಯನಿಂದ ವಸೂಲು ಮಾಡುವ ಏರ್ಪಾಡನ್ನು ರೂಢಿಗೆ ತಂದಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಲ್ಲಿ ಸುಮಾರು 60,000 ಜನರಿಗೆ, ಅವರು ಕೇಳದಿದ್ದರೂ, ಬ್ಯಾಂಕ್‌ಅಮೆರಿಕಾರ್ಡನ್ನು ಅಂಚೆಯಲ್ಲಿ ಕಳುಹಿಸಿತು. ಮೊದಲ ವರ್ಷಗಳಲ್ಲಿ ಬಾಕಿ ಉಳಿದ ಸಾಲ ಮತ್ತು ವಂಚನೆಗಳಿಂದ ಅದಕ್ಕೆ ಭಾರೀ ನಷ್ಟವಾದರೂ ಆ ಕಾರ್ಡು ಇತರ ಬ್ಯಾಂಕುಗಳಿಗೂ ಹರಡಿ 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. 1966ರಲ್ಲಿ ಪ್ರತಿಸ್ಪರ್ಧಿ ಬ್ಯಾಂಕುಗಳು ಕಟ್ಟಿಕೊಂಡ ಒಕ್ಕೂಟವೇ ಮುಂದೆ ಮಾಸ್ಟರ್‌ಕಾರ್ಡ್ ಆಯಿತು. ಹುಂಡಿಯಲ್ಲಿ ಪ್ರತಿ ವ್ಯವಹಾರಕ್ಕೂ ಬೇರೆ ಪತ್ರವಿದ್ದರೆ ಇಲ್ಲಿ ಎಲ್ಲ ವ್ಯವಹಾರಕ್ಕೂ ಒಂದೇ ಸಂಖ್ಯೆ ನಿಂತಿತು, ಮತ್ತು ಆ ಸಂಖ್ಯೆಯನ್ನು ತಿಳಿದವನಿಗೆ ಸಾಲದ ಮಿತಿಯವರೆಗಿನ ಇಡೀ ಖಾತೆಯೇ ತೆರೆದಂತಾಯಿತು.

ಈ ಸಂಖ್ಯೆಯ ರಚನೆಯನ್ನು ತಿಳಿಯದೆ ಮುಂದಿನ ಬೆಳವಣಿಗೆ ಅರ್ಥವಾಗುವುದಿಲ್ಲ. ಕಾರ್ಡಿನ ಮೊದಲ ಕೆಲವು ಅಂಕಿಗಳು ಅದನ್ನು ವಿತರಿಸಿದ ಸಂಸ್ಥೆಯನ್ನು ಸೂಚಿಸುತ್ತವೆ. ವರ್ತಕರ ಬಾಯಲ್ಲಿ 'ಬಿನ್' ಎಂದು ಬಳಕೆಯಾಗುವ ಈ ಗುರುತು ಬಹುಕಾಲ ಆರು ಅಂಕಿಗಳದ್ದಾಗಿದ್ದು, 2022ರಿಂದ ಎಂಟು ಅಂಕಿಗಳಿಗೆ ವಿಸ್ತರಿಸಿದೆ. ಕೊನೆಯ ಅಂಕಿಯು ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದರೆ ಹಿಡಿದುಕೊಡುವ ತಪಾಸಣಾ ಅಂಕಿಯಾಗಿದ್ದು, ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಅರ್ಜಿ ಸಲ್ಲಿಸಿ 1960ರಲ್ಲಿ ಪೇಟೆಂಟ್ ಪಡೆದ ಲೆಕ್ಕದ ಕ್ರಮವನ್ನು ಅದು ಅನುಸರಿಸುತ್ತದೆ. ಬಿನ್ ಅಂಕಿಗಳಿಂದ ಕಾರ್ಡು ಯಾವ ದೇಶದ್ದು, ಸಾಲದ್ದೋ ಡೆಬಿಟ್ಟೋ ಮುಂಗಡ ತುಂಬಿದ್ದೋ ಎಂಬುದನ್ನು ಮಾರುವವನ ಗಣಕವು ಕ್ಷಣದಲ್ಲಿ ತಿಳಿಯುತ್ತದೆ. ಹೀಗಾಗಿ ಅಂಕಿಯಷ್ಟೇ ಆಗಿ ಉಳಿದ ಕಾರ್ಡು ಕೂಡ ತನ್ನ ಕುಲಗೋತ್ರವನ್ನು ಮುಚ್ಚಿಡಲಾರದು.

ಅಂತರ್ಜಾಲದ ಅಂಗಡಿಗಳು ಬಂದಾಗ ಈ ವ್ಯವಸ್ಥೆಯ ದೌರ್ಬಲ್ಯ ಬಯಲಾಯಿತು. 1994ರ ಆಗಸ್ಟಿನಲ್ಲಿ ಅಮೆರಿಕದ ನೆಟ್‌ಮಾರ್ಕೆಟ್ ಎಂಬ ತಾಣವು ಗೂಢಲಿಪಿಯಲ್ಲಿ ರವಾನೆಯಾದ ಕಾರ್ಡು ಸಂಖ್ಯೆಯ ಮೇಲೆ ಸಂಗೀತದ ಸಿಡಿಯೊಂದನ್ನು ಮಾರಿದುದು ಸುರಕ್ಷಿತ ಆನ್‌ಲೈನ್ ಮಾರಾಟದ ಆರಂಭಗಳಲ್ಲಿ ಒಂದೆಂದು ಗಣನೆಯಾಗಿದೆ. ದಾರಿಯಲ್ಲಿ ಹೋಗುವ ಸಂಖ್ಯೆಯನ್ನು ಗೂಢಲಿಪಿ ಕಾಯಬಲ್ಲದಾಗಿತ್ತು, ಆದರೆ ಮಾರಾಟಗಾರನ ದಾಖಲೆಯಲ್ಲಿ ಸಂಗ್ರಹವಾಗಿ ಕುಳಿತ ಸಂಖ್ಯೆಯನ್ನು ಅದು ಕಾಯಲಾರದಾಗಿತ್ತು. 1999ರ ಕೊನೆಗೆ ಸಿಡಿ ಯೂನಿವರ್ಸ್ ಎಂಬ ಅಂಗಡಿಯ ದಾಖಲೆಗಳಿಂದ ಮೂರು ಲಕ್ಷ ಕಾರ್ಡು ಸಂಖ್ಯೆಗಳನ್ನು ಕದ್ದಿರುವುದಾಗಿ ಹೇಳಿಕೊಂಡ ಕಳ್ಳನೊಬ್ಬ, ಕೇಳಿದ ಒಂದು ಲಕ್ಷ ಡಾಲರ್ ಸಿಗದಿದ್ದಾಗ ಸಾವಿರಾರು ಸಂಖ್ಯೆಗಳನ್ನು ಅಂತರ್ಜಾಲದಲ್ಲಿ ಬಹಿರಂಗಪಡಿಸಿದ. ವೀಸಾ ಮತ್ತು ಮಾಸ್ಟರ್‌ಕಾರ್ಡ್ 1996ರಲ್ಲಿ ಪ್ರಕಟಿಸಿದ ಸೆಟ್ ಎಂಬ ಜಂಟಿ ವಿಧಾನವು ಕಾರ್ಡು ಸಂಖ್ಯೆಯನ್ನು ಮಾರಾಟಗಾರನಿಂದಲೇ ಮರೆಮಾಡಬಲ್ಲದಾಗಿದ್ದರೂ, ಪ್ರತಿ ಗ್ರಾಹಕನೂ ತನ್ನ ಗಣಕದಲ್ಲಿ ವಿಶೇಷ ತಂತ್ರಾಂಶ ಮತ್ತು ಗುರುತಿನ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳಬೇಕಾಗಿದ್ದುದರಿಂದ ಬಳಕೆಗೆ ಬಾರದೆ ಹೋಯಿತು.

ಇದಕ್ಕಿಂತ ಸರಳವಾದ ಪರಿಹಾರವೆಂದರೆ ಕದ್ದರೂ ಪ್ರಯೋಜನಕ್ಕೆ ಬಾರದ ಸಂಖ್ಯೆಯನ್ನು ಕೊಡುವುದು. 2000ದ ಸೆಪ್ಟೆಂಬರಿನಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆಯು ಪ್ರೈವೇಟ್ ಪೇಮೆಂಟ್ಸ್ ಎಂಬ ಹೆಸರಿನಲ್ಲಿ ಒಂದೇ ಖರೀದಿಗೆ ಸಲ್ಲುವ ಸಂಖ್ಯೆಯನ್ನು ಪ್ರಕಟಿಸಿತು. ಐರ್ಲೆಂಡಿನ ಡಬ್ಲಿನ್ ನಗರದ ಆರ್ಬಿಸ್ಕಾಮ್ ಎಂಬ ಕಂಪನಿಯು ಇಂಥದೇ ತಂತ್ರವನ್ನು ಹಲವು ಬ್ಯಾಂಕುಗಳಿಗೆ ಒದಗಿಸಿತು, ಮತ್ತು 2009ರಲ್ಲಿ ಮಾಸ್ಟರ್‌ಕಾರ್ಡ್ ಆ ಕಂಪನಿಯನ್ನೇ ಕೊಂಡುಕೊಂಡಿತು. ಭಾರತದಲ್ಲಿಯೂ ಎಚ್‌ಡಿಎಫ್‌ಸಿ ಬ್ಯಾಂಕಿನ ನೆಟ್‌ಸೇಫ್, ಸ್ಟೇಟ್ ಬ್ಯಾಂಕಿನ ವರ್ಚುವಲ್ ಕಾರ್ಡು ಮುಂತಾದವು ಇದೇ ಮಾದರಿಯಲ್ಲಿ ಬಂದವು. ಆದರೆ ಸಾಮಾನ್ಯ ಗ್ರಾಹಕರಲ್ಲಿ ಈ ಸಾಧನ ಆಳವಾಗಿ ಬೇರೂರಲಿಲ್ಲ. ಪ್ರತಿ ಖರೀದಿಗೂ ಹೊಸ ಸಂಖ್ಯೆ ಸೃಷ್ಟಿಸುವುದು ತ್ರಾಸದಾಯಕವಾಗಿತ್ತು. ಹೋಟೆಲಿನ ಕೌಂಟರಿನಲ್ಲಿ ತೋರಿಸಲು ಪ್ಲಾಸ್ಟಿಕ್ ಕಾರ್ಡು ಇರಲಿಲ್ಲ. ಪ್ರತಿ ತಿಂಗಳ ಚಂದಾ ಕಟ್ಟುವವರಿಗೆ ಒಮ್ಮೆ ಬಳಸಿ ಮುಗಿದ ಸಂಖ್ಯೆಯಿಂದ ಉಪಯೋಗವಿರಲಿಲ್ಲ. ಅಲ್ಲದೆ ಕಳವಾದ ಸಂಖ್ಯೆಯ ನಷ್ಟವನ್ನು ಅಮೆರಿಕದ ಕಾನೂನು 1970ರಿಂದಲೇ ಗ್ರಾಹಕನ ಪಾಲಿಗೆ 50 ಡಾಲರಿಗೆ ಮಿತಗೊಳಿಸಿದ್ದರಿಂದ ಅವನಿಗೆ ಈ ಶ್ರಮದ ಅಗತ್ಯವೂ ಅಷ್ಟಾಗಿ ಕಾಣಲಿಲ್ಲ.

ವರ್ಚುವಲ್ ಕಾರ್ಡಿಗೆ ನಿಜವಾದ ನೆಲೆ ದೊರೆತದ್ದು ವ್ಯಾಪಾರ ಸಂಸ್ಥೆಗಳ ನಡುವೆ. ನೂರಾರು ಊರುಗಳ ಹೋಟೆಲುಗಳಿಗೆ ಹಣ ಕೊಡಬೇಕಾದ ಆನ್‌ಲೈನ್ ಪ್ರವಾಸ ಕಂಪನಿಗಳು ಪ್ರತಿ ಕಾಯ್ದಿರಿಸುವಿಕೆಗೂ ಒಂದೊಂದು ಸಂಖ್ಯೆಯನ್ನು ಹುಟ್ಟಿಸಿ, ಅದರಲ್ಲಿ ಆ ಕೋಣೆಯ ಬಾಡಿಗೆಯಷ್ಟೇ ಮೊತ್ತವನ್ನು ಇರಿಸಿ, ಗೊತ್ತಾದ ದಿನದ ನಂತರವೇ ಪಡೆಯಲು ಬರುವಂತೆ ಮಾಡಿದವು. ಒಂದು ಸಂಖ್ಯೆಯನ್ನು ಒಬ್ಬನೇ ಮಾರಾಟಗಾರನಿಗೆ ಕಟ್ಟಿಹಾಕುವುದು, ತಿಂಗಳ ಮೊತ್ತಕ್ಕೆ ಮೇಲ್ಮಿತಿ ಹಾಕುವುದು, ಬೇಡವೆನಿಸಿದ ಕ್ಷಣದಲ್ಲಿ ರದ್ದುಪಡಿಸುವುದು ಎಲ್ಲವೂ ಸಾಧ್ಯವಾದವು. ದರ್ಶನಿ, ಮುದ್ದತಿ, ಶಾಹಜೋಗ್ ಎಂದು ಹುಂಡಿಯ ಕಾಲದ ವರ್ತಕನು ಕಾಗದದಲ್ಲಿ ಮಾಡಿದ್ದ ವಿಂಗಡಣೆಯನ್ನು ಗಣಕವು ಅಂಕಿಯ ಮೇಲೆ ಪುನಃ ಮಾಡಿತೆನ್ನಬಹುದು.

ಇದೇ ಕಾಲದಲ್ಲಿ ಗಡಿಯಾಚೆಗೆ ಮಾರುವ ಸಣ್ಣ ವರ್ತಕರ ಹೊಸ ವರ್ಗವೊಂದು ಮೂಡುತ್ತಿತ್ತು. ಗೂಗಲ್ ತನ್ನ ಆಡ್‌ವರ್ಡ್ಸ್ ಜಾಹೀರಾತು ಸೇವೆಯನ್ನೂ ಅಮೆಜಾನ್ ಹೊರಗಿನ ಮಾರಾಟಗಾರರಿಗೆ ತನ್ನ ಮಾರುಕಟ್ಟೆಯನ್ನೂ ತೆರೆದದ್ದು 2000ದಲ್ಲಿ. ಸ್ವಂತ ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈ ಬಂದದ್ದು 2006ರಲ್ಲಿ. ಈ ಅವಕಾಶವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಬಳಸಿಕೊಂಡವರು ಚೀನಾದ ಶೆನ್‌ಜೆನ್, ಹಾಂಗ್‌ಝೌ, ಯಿವು ಮುಂತಾದ ನಗರಗಳ ವರ್ತಕರು. 2015ರಲ್ಲಿ ಹಾಂಗ್‌ಝೌ ನಗರವನ್ನು ಗಡಿಯಾಚೆಯ ಇ-ವಾಣಿಜ್ಯದ ಮೊದಲ ಸಮಗ್ರ ಪ್ರಾಯೋಗಿಕ ವಲಯವೆಂದು ಚೀನಾ ಸರ್ಕಾರ ಘೋಷಿಸಿತು. ಅವರ ಕಷ್ಟ ಮಾರುವುದರಲ್ಲಿ ಇರಲಿಲ್ಲ, ಹೊರಗೆ ಹಣ ಸಲ್ಲಿಸುವುದರಲ್ಲಿತ್ತು. ವ್ಯಕ್ತಿಯೊಬ್ಬನು ವರ್ಷಕ್ಕೆ 50,000 ಡಾಲರಿನಷ್ಟು ಮಾತ್ರ ವಿದೇಶಿ ಹಣ ಕೊಳ್ಳಬಹುದೆಂಬ ನಿಯಮ 2007ರಿಂದ ಅಲ್ಲಿ ಜಾರಿಯಲ್ಲಿತ್ತು. ಒಳನಾಡಿನ ಯೂನಿಯನ್‌ಪೇ ಕಾರ್ಡನ್ನು ಹೊರಗಿನ ಅನೇಕ ಸೇವೆಗಳು ಸ್ವೀಕರಿಸುತ್ತಿರಲಿಲ್ಲ. ಮಾರಾಟದಿಂದ ಬಂದ ಡಾಲರುಗಳನ್ನು ಯುವಾನಿಗೆ ಬದಲಿಸಿ ಜಾಹೀರಾತಿಗಾಗಿ ಮತ್ತೆ ಡಾಲರಿಗೆ ಬದಲಿಸಿದರೆ ಎರಡು ಸಲ ವಟ್ಟ ತೆರಬೇಕಾಗುತ್ತಿತ್ತು.

ಈ ಬಿರುಕಿನಲ್ಲಿ ಮಧ್ಯವರ್ತಿ ಕಂಪನಿಗಳು ಬೆಳೆದವು. 2005ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಪಯೋನೀರ್, 2015ರಲ್ಲಿ ಹುಟ್ಟಿದ ಹಾಂಗ್‌ಝೌ ನಗರದ ಪಿಂಗ್‌ಪಾಂಗ್ ಮತ್ತು ಮೆಲ್ಬರ್ನಿನ ಏರ್‌ವಾಲೆಕ್ಸ್ ಮುಂತಾದವು, ಮಾರಾಟದ ಹಣವನ್ನು ಡಾಲರ್ ಅಥವಾ ಯೂರೋ ರೂಪದಲ್ಲಿಯೇ ಹಿಡಿದಿಟ್ಟು ವರ್ತಕನ ಬಳಕೆಗೆ ಒದಗಿಸುವ ಕೆಲಸಕ್ಕಿಳಿದವು. ಅದೇ ಹಣವನ್ನು ಅದೇ ನಾಣ್ಯದಲ್ಲಿ ವೆಚ್ಚ ಮಾಡಲು ಕಾರ್ಡು ಒಂದು ದಾರಿಯಾಯಿತು. ಇಂಥ ಕಾರ್ಡಿನ ಹಿಂದೆ ಸಾಮಾನ್ಯವಾಗಿ ಮೂರು ಪದರಗಳಿರುತ್ತವೆ: ಗ್ರಾಹಕನಿಗೆ ಕಾಣುವ ಕಂಪನಿ ಒಂದು, ಕಾರ್ಡು ವಿತರಿಸಲು ಪರವಾನಗಿ ಪಡೆದ ಸಂಸ್ಥೆ ಇನ್ನೊಂದು, ಹಣ ಸಾಗಿಸುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲ ಮೂರನೆಯದು. ಮೊದಲ ಪದರದ ಹೆಸರನ್ನು ನೋಡಿ ಆರಿಸಿಕೊಂಡ ವರ್ತಕನಿಗೆ ಎರಡನೆಯದರ ಹೆಸರೇ ಗೊತ್ತಿರುವುದಿಲ್ಲ.

ಆ ಅಜ್ಞಾನದ ಬೆಲೆ 2020ರ ಜೂನಿನಲ್ಲಿ ತಿಳಿಯಿತು. ಜರ್ಮನಿಯ ವೈರ್‌ಕಾರ್ಡ್ ಕಂಪನಿಯ ಲೆಕ್ಕದಲ್ಲಿದ್ದ 190 ಕೋಟಿ ಯೂರೋ ಹಣ ಬಹುಶಃ ಇಲ್ಲವೇ ಇಲ್ಲವೆಂದು ಅದೇ ಕಂಪನಿ ಒಪ್ಪಿಕೊಂಡು, ಜೂನ್ 25ರಂದು ದಿವಾಳಿ ಅರ್ಜಿ ಸಲ್ಲಿಸಿತು. ಮರುದಿನ ಬ್ರಿಟನ್ನಿನ ಹಣಕಾಸು ನಿಯಂತ್ರಣ ಪ್ರಾಧಿಕಾರವು ಅದರ ಬ್ರಿಟಿಷ್ ಅಂಗವಾದ ವೈರ್‌ಕಾರ್ಡ್ ಕಾರ್ಡ್ ಸಲ್ಯೂಷನ್ಸ್ ಸಂಸ್ಥೆಯ ಚಟುವಟಿಕೆಯನ್ನು ತಡೆಹಿಡಿಯಿತು. ಆ ಸಂಸ್ಥೆ ವಿತರಿಸಿದ್ದ ಪಯೋನೀರ್ ಕಾರ್ಡುಗಳೂ ಬ್ರಿಟನ್ನಿನ ಹಲವು ಹಣಕಾಸು ಆ್ಯಪ್‌ಗಳ ಕಾರ್ಡುಗಳೂ ಒಮ್ಮೆಗೇ ಸ್ತಬ್ಧವಾದವು. ಕೆಲವೇ ದಿನಗಳಲ್ಲಿ ನಿರ್ಬಂಧ ಸಡಿಲವಾಗಿ ಗ್ರಾಹಕರ ಹಣ ಅವರ ಕೈಗೆಟುಕಿತಾದರೂ, ತಮ್ಮದಲ್ಲದ ತಪ್ಪಿಗೆ, ತಾವು ಹೆಸರೂ ಕೇಳದ ಸಂಸ್ಥೆಯ ಕುಸಿತಕ್ಕೆ, ಹಲವು ದೇಶಗಳ ವರ್ತಕರು ಮತ್ತು ಸ್ವತಂತ್ರ ಕೆಲಸಗಾರರು ಆ ದಿನಗಳಲ್ಲಿ ಗಳಿಕೆಯ ಹಣ ಮುಟ್ಟಲಾಗದೆ ಕಂಗೆಟ್ಟರು. ಸಂಖ್ಯೆಗೆ ಎಷ್ಟೇ ಜಾಣತನದ ಮಿತಿಗಳನ್ನು ಹಾಕಿದರೂ ಅದರ ಹಿಂದಿನ ಮನೆ ಉರುಳಿದರೆ ಆ ಮಿತಿಗಳಿಗೆ ಅರ್ಥವಿಲ್ಲವೆಂಬುದನ್ನು ಹುಂಡಿಯ ಪೇಟೆ ಬಲ್ಲದಾಗಿತ್ತು. ಹೊಸ ಪೇಟೆ ಅದನ್ನು ನಷ್ಟದ ಮೂಲಕ ಕಲಿಯಬೇಕಾಯಿತು.

ಭಾರತದ ದಾರಿ ಸ್ವಲ್ಪ ಬೇರೆಯಾಗಿತ್ತು, ಏಕೆಂದರೆ ಇಲ್ಲಿ ಮಿತಿಗಳನ್ನು ಹಾಕುವ ಕೆಲಸವನ್ನು ಬಹುಮಟ್ಟಿಗೆ ರಿಸರ್ವ್ ಬ್ಯಾಂಕೇ ವಹಿಸಿಕೊಂಡಿತು. 2009ರ ಆಗಸ್ಟಿನಿಂದ ದೇಶದೊಳಗಿನ ಆನ್‌ಲೈನ್ ಕಾರ್ಡು ಪಾವತಿಗೆ ಎರಡನೆಯ ದೃಢೀಕರಣ ಕಡ್ಡಾಯವಾಯಿತು. 2020ರ ಅಕ್ಟೋಬರಿನಿಂದ ಹೊಸ ಕಾರ್ಡಿನಲ್ಲಿ ಆನ್‌ಲೈನ್ ಮತ್ತು ಅಂತರರಾಷ್ಟ್ರೀಯ ಬಳಕೆ, ಗ್ರಾಹಕನು ತಾನಾಗಿ ತೆರೆಯುವವರೆಗೆ, ಮುಚ್ಚಿರಬೇಕಾಯಿತು. 2021ರ ಅಕ್ಟೋಬರಿನಿಂದ ತಿಂಗಳ ಚಂದಾದಂತಹ ಮರುಕಳಿಸುವ ಪಾವತಿಗಳಿಗೆ ಪೂರ್ವಾನುಮತಿಯ ನೋಂದಣಿ ಬೇಕಾಗಿ, ಹೊರದೇಶದ ಸೇವೆಗಳಿಗೆ ಹೋಗುತ್ತಿದ್ದ ಅನೇಕ ಪಾವತಿಗಳು ನಿಂತುಹೋದವು. 2022ರ ಅಕ್ಟೋಬರಿನಿಂದ ಮಾರಾಟಗಾರರು ಕಾರ್ಡು ಸಂಖ್ಯೆಯನ್ನು ಸಂಗ್ರಹಿಸುವಂತಿಲ್ಲವೆಂದಾಗಿ, ಅದರ ಬದಲು ಆ ಅಂಗಡಿಗೆ ಮಾತ್ರ ಸಲ್ಲುವ ಟೋಕನ್ ಎಂಬ ಬದಲಿ ಸಂಖ್ಯೆ ಬಂತು. ಅಮೆರಿಕದಲ್ಲಿ ಗ್ರಾಹಕರು ಒಲ್ಲದೆ ಬಿಟ್ಟ ಬದಲಿ ಸಂಖ್ಯೆಯ ತತ್ವ ಇಲ್ಲಿ ಕಾನೂನಿನ ಮೂಲಕ ದಿನಬಳಕೆಗೆ ಬಂದಿತು.

ಹೊರಗಿನಿಂದ ಬರುವ ಹಣದ ವಿಷಯದಲ್ಲಿಯೂ ಇದೇ ಬಿಗಿ ಇತ್ತು. ಆನ್‌ಲೈನ್ ಪಾವತಿ ದ್ವಾರಗಳ ಮೂಲಕ ರಫ್ತಿನ ಹಣ ಪಡೆಯುವುದಕ್ಕೆ ರಿಸರ್ವ್ ಬ್ಯಾಂಕು 2010ರ ನವೆಂಬರಿನಲ್ಲಿ 500 ಡಾಲರಿನ ಮಿತಿ ಹಾಕಿ, ಮುಂದೆ ಅದನ್ನು 3,000ಕ್ಕೂ 10,000ಕ್ಕೂ ಏರಿಸಿತು. ಹಾಗೆ ಬಂದ ಹಣ ಭಾರತದ ಬ್ಯಾಂಕು ಖಾತೆಗೆ ಬೇಗನೆ ಸೇರಬೇಕಾಗಿತ್ತು, ಹೊರಗಿನ ಖಾತೆಯಲ್ಲಿಯೇ ಕುಳಿತು ಅಲ್ಲಿಂದಲೇ ವೆಚ್ಚವಾಗುವಂತಿರಲಿಲ್ಲ. 2023ರ ಅಕ್ಟೋಬರಿನಲ್ಲಿ ಗಡಿಯಾಚೆಯ ಪಾವತಿ ಸಂಗ್ರಾಹಕರೆಂಬ ಪ್ರತ್ಯೇಕ ವರ್ಗವನ್ನು ರಚಿಸಿ ಅವರನ್ನು ರಿಸರ್ವ್ ಬ್ಯಾಂಕಿನ ನೇರ ನಿಯಂತ್ರಣಕ್ಕೆ ತರಲಾಯಿತು. ಆದ್ದರಿಂದ ಚನ್ನಪಟ್ಟಣದ ಬೊಂಬೆಯನ್ನೋ ಇಳಕಲ್ ಸೀರೆಯನ್ನೋ ಹೊರದೇಶಕ್ಕೆ ಮಾರುವ ವರ್ತಕನಿಗೆ ಶೆನ್‌ಜೆನ್ನಿನ ವರ್ತಕನ ದಾರಿ ಹಾಗೆಯೇ ಸಲ್ಲದು: ಇಲ್ಲಿನವನ ಕಾರ್ಡು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಚೌಕಟ್ಟಿನಲ್ಲಿ, ಅನುಮತಿ ಪಡೆದ ಬ್ಯಾಂಕಿನ ಮೂಲಕ ನಡೆಯಬೇಕು, ಮತ್ತು ಆ ಚೌಕಟ್ಟನ್ನು ತಪ್ಪಿಸಲೆಂದೇ ಮಾರಾಟವಾಗುವ ಅನಾಮಧೇಯ ಸಂಖ್ಯೆಗಳು ಅಗ್ಗವಾಗಿ ಕಂಡರೂ ವ್ಯಾಪಾರವನ್ನೇ ಅಪಾಯಕ್ಕೆ ಒಡ್ಡುತ್ತವೆ.

ಈ ಚರಿತ್ರೆಯ ಬೆಳಕಿನಲ್ಲಿ ಕಾರ್ಡಿನ ಆಯ್ಕೆ ಶುಲ್ಕಗಳ ಹೋಲಿಕೆಗೆ ಮುಗಿಯುವ ಕೆಲಸವಲ್ಲ. ನಾಣ್ಯ ಬದಲಾವಣೆಯ ವಟ್ಟ, ಬಿನ್ ಸೂಚಿಸುವ ದೇಶ, ಮುಂಗಡ ತುಂಬಿದ ಕಾರ್ಡನ್ನು ಜಾಹೀರಾತು ಸಂಸ್ಥೆಗಳು ಒಪ್ಪುತ್ತವೆಯೇ ಎಂಬುದು, ರದ್ದಾದ ಸಂಖ್ಯೆಗೆ ಹಿಂತಿರುಗಿದ ಹಣದ ಗತಿ, ಒಂದೊಂದು ವೆಚ್ಚಕ್ಕೂ ಬೇರೆ ಮಿತಿ ಹಾಕುವ ಅನುಕೂಲ ಇವೆಲ್ಲವೂ ಪರಿಶೀಲನೆಗೆ ಅರ್ಹವಾದವೇ. ಆದರೆ ಅವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ಕಾರ್ಡನ್ನು ನಿಜವಾಗಿ ವಿತರಿಸಿದವರು ಯಾರು, ಅವರು ಯಾವ ದೇಶದ ನಿಯಂತ್ರಣಕ್ಕೆ ಒಳಪಟ್ಟಿದ್ದಾರೆ, ಗ್ರಾಹಕನ ಹಣವನ್ನು ತಮ್ಮ ಹಣದಿಂದ ಬೇರ್ಪಡಿಸಿ ಇಡಬೇಕೆಂಬ ಕಾನೂನು ಅಲ್ಲಿದೆಯೇ, ಆ ಸಂಸ್ಥೆ ನಿಂತುಹೋದರೆ ಮಾರನೆಯ ದಿನದ ವೆಚ್ಚಕ್ಕೆ ಬೇರೊಂದು ದಾರಿ ಸಿದ್ಧವಿದೆಯೇ. ಅಂಕಿಯನ್ನು ಗಣಕ ಹುಟ್ಟಿಸುತ್ತದೆ, ಅದರ ಸಾಖನ್ನು ಮಾತ್ರ ಸಂಸ್ಥೆಗಳೂ ಕಾನೂನೂ ಕಟ್ಟಬೇಕು. ಆ ಸಾಖನ್ನು ವಿಚಾರಿಸಿದ ಮೇಲೆಯೇ ಸಂಖ್ಯೆಯನ್ನು ಆರಿಸಿಕೊಳ್ಳುವ ವರ್ತಕನು ತನ್ನ ಗಂಟನ್ನು ಕಾಯ್ದುಕೊಳ್ಳಬಲ್ಲನು.