ಪೋರ್ಟಿಕೋ ಅಂದ್ರ ಏನು? ನಮ್ಮ ಮುಖಮಂಟಪದ ಕಥಿ

ಕಟ್ಟಡದ ಪದಗಳು | ಭಾಗ 4

ಮೊದಲನೇ ಫೋಟೋ ಜೂಮ್ ಮಾಡಿ ನೋಡ್ರಿ. ಬಾಗಿಲಿನ ಮುಂದ ಕಂಬಗಳ ಸಾಲು, ಮ್ಯಾಲೆ ಚಾವಣಿ, ಮುಂದ ಗೋಡೆ ಇಲ್ಲ. ಇಂಥದಕ್ಕ ಇಂಗ್ಲಿಷ್‌ನಲ್ಲಿ ‘ಪೋರ್ಟಿಕೋ’ ಅಂತಾರ. ಲ್ಯಾಟಿನ್‌ನ ‘ಪೋರ್ಟಿಕಸ್’ ಇಟಾಲಿಯನ್ ದಾಟಿ ಬಂದು ಹಿಂಗಾತು. ಅದರ ಬೇರು ‘ಪೋರ್ಟಾ’, ಅಂದ್ರ ಬಾಗಿಲು. ನಾವು ಬೈಕ್ ನಿಲ್ಲಿಸೋ ‘ಪೋರ್ಚ್’ ಕೂಡ ಅದೇ ಪದದಿಂದ ಹುಟ್ಟಿದ್ದು.

ನಮ್ಮ ಪದ ‘ಮುಖಮಂಟಪ’. ಅವರು ಬಾಗಿಲು ನೋಡಿ ಹೆಸರಿಟ್ಟರು, ನಮ್ಮವರು ಮುಖ ನೋಡಿ ಇಟ್ಟರು. ಒಳಗ ಗರ್ಭಗುಡಿ, ಮುಂದ ಮುಖ. ಗುಡಿಗೂ ಒಂದು ಮೈ ಐತಿ ಅಂತ ತಿಳಿದವರ ಮಾತಿದು.

➡️ ಸ್ವೈಪ್ ಮಾಡ್ರಿ. ಇದು ಖಿದ್ರಾಪುರದ ಕೋಪೇಶ್ವರ. ಕಾಗವಾಡ ತಾಲ್ಲೂಕಿನ ಜುಗೂಳದ ಎದುರಿಗೆ, ಕೃಷ್ಣಾ ನದಿಯ ಆ ದಂಡಿಗೆ, ಮಹಾರಾಷ್ಟ್ರದಾಗ ಐತಿ. ಶಿಲಾಹಾರರ ಕಾಲದ, 12ನೇ ಶತಮಾನದ ಗುಡಿ. ಮುಂದಿರೋದು ಸ್ವರ್ಗಮಂಟಪ: ಒಟ್ಟು 48 ಕಂಬ, ನಡುವೆ 12 ಕಂಬಗಳ ದುಂಡನೆಯ ಸುತ್ತು. ತಲೆ ಎತ್ತಿದರ ಚಾವಣಿ ಇಲ್ಲ, ದುಂಡನೆಯ ಆಕಾಶ! ಹೋಮದ ಹೊಗೆ ಹೋಗಲಿ ಅಂತ ಬಿಟ್ಟಾರ ಅಂತ ಜನ ಹೇಳ್ತಾರ.

ಇನ್ನೊಂದು ವಿಶೇಷ. ಶಿವನ ಗುಡಿಯ ಮುಂದ ನಂದಿ ಇರಬೇಕಲ್ಲ? ಇಲ್ಲಿಲ್ಲ. ಆ ನಂದಿ ಚಿಕ್ಕೋಡಿ ತಾಲ್ಲೂಕಿನ ಯಡೂರಿನಾಗ ಐತಿ ಅನ್ನೋದು ಎರಡೂ ದಂಡಿಯವರ ನಂಬಿಕಿ. ಗುಡಿಯಲ್ಲಿ ಯಾದವ ಸಿಂಘಣನ ಸಂಸ್ಕೃತ ಶಾಸನ ಐತಿ, ಕನ್ನಡ ಶಾಸನಗಳೂ ಅದಾವ. ಗಡಿ ಗೆರೆ ಈಗಿನದು, ಕಲ್ಲಿನ ಮ್ಯಾಲಿನ ಅಕ್ಷರ ಅದಕ್ಕಿಂತ ಹಳೇದು.

ಕಂಬದ ನೆರಳು ಬರೀ ಮಳಿ-ಬಿಸಿಲಿಗಲ್ಲ. ಸುಮಾರು 2300 ವರ್ಷದ ಹಿಂದ ಅಥೆನ್ಸ್‌ನಾಗ ಜೀನೋ ಅನ್ನೋ ತತ್ವಜ್ಞಾನಿ ಕಂಬಗಳ ಸಾಲಿನ ಕೆಳಗ ಪಾಠ ಹೇಳ್ತಿದ್ದ. ಆ ಜಾಗಕ್ಕ ಗ್ರೀಕ್‌ನಾಗ ‘ಸ್ಟೋವಾ’ ಅಂತಿದ್ರು. ಅದರಿಂದನ ಅವನ ಶಿಷ್ಯರು ‘ಸ್ಟೋಯಿಕ್’ ಆದರು. ನಮ್ಮಲ್ಲಿ 12ನೇ ಶತಮಾನದ ಶರಣರು ಕೂಡಿ ಮಾತಾಡಿದ ಜಾಗದ ಹೆಸರು ನೆನಪಾತಲ್ಲ? ಅನುಭವ ಮಂಟಪ. ಅಲ್ಲೂ ಇಲ್ಲೂ ವಿಚಾರಕ್ಕ ಹೆಸರು ಕೊಟ್ಟಿದ್ದು ಕಟ್ಟಡ.

ಈಗ ನಮ್ಮ ಓಣಿಗೆ ಬರೋಣ. ಪಡಸಾಲಿ, ಕಟ್ಟಿ, ಅಗಸಿ: ಈ ಪದಗಳಲ್ಲಿ ಎಷ್ಟು ನಿಮ್ಮ ಬಾಯಾಗ ಉಳಿದಾವ? ಹಳೆ ಮನಿ ಕೆಡವಿದಾಗ ಕಟ್ಟಿಗಿ ಕಂಬಕ್ಕ ಗಿರಾಕಿ ಸಿಗ್ತಾರ. ಪದಕ್ಕ ಯಾರೂ ಬರಂಗಿಲ್ಲ, ಅದು ಸುಮ್ನ ಹೋಗಿಬಿಡ್ತದ.

ಅದಕ್ಕ ಈ ವಾರ ಒಂದು ಕೆಲಸ ಮಾಡ್ರಿ. ನಿಮ್ಮೂರ ಗುಡಿ ಅಥವಾ ಹಳೆ ಮನಿಯ ಮುಂಭಾಗದ ಫೋಟೋ ತೆಗೀರಿ. ಅದಕ್ಕ ಏನಂತಾರ ಅಂತ ಅಜ್ಜಿಗೆ ಕೇಳ್ರಿ. ಅಜ್ಜಿ ಹೇಳಿದ ಪದಾನ ಬರೀರಿ, ತಿದ್ದಬ್ಯಾಡ್ರಿ.

ಮುಂದಿನ ಭಾಗ: ಅಗಸಿ 🙏

#ಮುಖಮಂಟಪ #ಖಿದ್ರಾಪುರ #ಚಿಕ್ಕೋಡಿ