ಗರಿ, ಬಳಪ, ಶಾಯಿ: ಕೈಬರಹದ ಸುಖ



ಫ್ಲಶಿಂಗ್‌ನ ಬೌನ್ ಬೀದಿಯನ್ನು ಅರಿಯದ ಕನ್ನಡಿಗರು ಈ ಪ್ರಾಂತ್ಯದಲ್ಲಿ ವಿರಳ. 1977ರ ಜುಲೈ 4ರಂದು ಪ್ರತಿಷ್ಠಾಪನೆಗೊಂಡ ಗಣಪತಿಯ ದೇವಾಲಯವಿರುವುದು ಅಲ್ಲಿಯೇ. ವಿಘ್ನನಿವಾರಕನೆಂದು ನಾವು ಕೈಮುಗಿಯುವ ಆ ದೇವರು ಲಿಪಿಕಾರನೂ ಹೌದು. ವ್ಯಾಸರು ಹೇಳುತ್ತ ಹೋದ ಮಹಾಭಾರತವನ್ನು ತನ್ನ ದಂತವನ್ನೇ ಮುರಿದು ಲೇಖನಿಯಾಗಿಸಿಕೊಂಡು ಬರೆದನೆಂಬ ಕತೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ.

ಬರವಣಿಗೆಗೆ ಸಂಬಂಧಿಸಿದ ಇನ್ನೊಂದು ಕತೆಯೂ ಈ ಊರಿನಲ್ಲುಂಟು, ಅದು ಇತಿಹಾಸ. ಫ್ಲಶಿಂಗ್ ಡಚ್ಚರ ಅಧೀನದಲ್ಲಿದ್ದ ಕಾಲದಲ್ಲಿ ಗವರ್ನರ್ ಪೀಟರ್ ಸ್ಟೈವೆಸೆಂಟ್, ಕ್ವೇಕರ್ ಪಂಥದವರಿಗೆ ಯಾರೂ ಆಶ್ರಯ ನೀಡಕೂಡದೆಂದು ಆಜ್ಞೆ ಹೊರಡಿಸಿದನು. 1657ರ ಡಿಸೆಂಬರ್ 27ರಂದು ಊರಿನ 30 ಮಂದಿ ಅದನ್ನು ಪ್ರತಿಭಟಿಸಿ ಒಂದು ಮನವಿಯನ್ನು ಸಲ್ಲಿಸಿದರು. ಅದನ್ನು ಬರೆದವನು ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್. ಬರೆಯಲು ಬಾರದವರು ತಮ್ಮ ಗುರುತನ್ನಷ್ಟೇ ಹಾಕಿದರು. ಬರೆದ ಕೈ ಯಾರದೆಂಬುದು ತಿಳಿದಿದ್ದರಿಂದಲೇ ಹಾರ್ಟ್ ಸೆರೆಮನೆ ಸೇರಬೇಕಾಯಿತು. 1662ರಲ್ಲಿ ತನ್ನ ಮನೆಯಲ್ಲಿ ಕ್ವೇಕರರ ಪ್ರಾರ್ಥನೆಗೆ ಅವಕಾಶವಿತ್ತು ಬಂಧನಕ್ಕೊಳಗಾದ ಜಾನ್ ಬೌನ್‌ನ ಹೆಸರೇ ಇಂದು ಆ ಬೀದಿಗಿದೆ. ಮನವಿಯ ಕೈಬರಹದ ಅಧಿಕೃತ ನಕಲು 1911ರಲ್ಲಿ ಆಲ್ಬನಿಯ ಅಗ್ನಿ ಅನಾಹುತದಲ್ಲಿ ಅಂಚು ಸುಟ್ಟುಕೊಂಡೂ ಉಳಿಯಿತು. ಈಗ ರಾಜ್ಯದ ಪತ್ರಾಗಾರದಲ್ಲಿದೆ.

ಹಾರ್ಟ್‌ನ ಕಾಲದವರು ಬರೆಯುತ್ತಿದ್ದುದು ಹಕ್ಕಿಯ ಗರಿಯಿಂದ. ನಮ್ಮ ಪೂರ್ವಿಕರು ಬರೆಯುತ್ತಿದ್ದುದು ತಾಳೆಯ ಗರಿಯ ಮೇಲೆ. ಕಬ್ಬಿಣದ ಕಂಟದಿಂದ ಓಲೆಯ ಮೇಲೆ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಬರೆದದ್ದು ಮೂಡಿ ಕಾಣುತ್ತಿತ್ತು. ಕೊರೆದದ್ದನ್ನು ಅಳಿಸುವಂತಿರಲಿಲ್ಲ. ಆದುದರಿಂದಲೇ ಮೊದಲು ಹಲಗೆಯ ಮೇಲೆ ಬಳಪದಿಂದ ಕರಡು ಮಾಡಿಕೊಳ್ಳುವ ವಾಡಿಕೆಯಿದ್ದಿತು. ಕುಮಾರವ್ಯಾಸನು ತನಗೆ ಅಂತಹ ಕರಡಿನ ಅಗತ್ಯವೇ ಇಲ್ಲವೆಂದು ಕಾವ್ಯದ ಪ್ರಾರಂಭದಲ್ಲಿಯೇ ಹೆಮ್ಮೆಪಟ್ಟುಕೊಂಡಿರುವುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಇಂತಹ ಓಲೆಗಳ ಒಂದು ಕಟ್ಟೇ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಸೇರಿದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದು ಅಚ್ಚಾಯಿತು.

ಲೆಕ್ಕಪತ್ರಗಳಿಗೆ ಬೇರೊಂದು ಸಾಧನವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ಇದೇ ಕಡತ. ಶೃಂಗೇರಿ ಮಠದಲ್ಲಿ ಇಂತಹ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬಟ್ಟೆ ಹೋಯಿತು, ಬಳಪ ಹೋಯಿತು. ಮಾತು ಮಾತ್ರ ಉಳಿದು ಮೊದಲು ಕಛೇರಿಯ ಫೈಲಿಗೂ ಈಗ ಕಂಪ್ಯೂಟರಿನ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರಾಗಿದೆ.

ಮುಂದಿನ ಅಧ್ಯಾಯಕ್ಕೆ ನ್ಯೂಯಾರ್ಕ್ ನಗರವೇ ರಂಗಸ್ಥಳ. ಶಾಯಿಯನ್ನು ಒಡಲಲ್ಲಿಟ್ಟುಕೊಂಡು ಸೋರದೆ ಬರೆಯುವ ಲೇಖನಿಗೆ ಇಲ್ಲಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದನು. 1945ರ ಅಕ್ಟೋಬರ್ 29ರಂದು ಮ್ಯಾನ್‌ಹಟನ್ನಿನ ಗಿಂಬೆಲ್ಸ್ ಅಂಗಡಿಯಲ್ಲಿ ರೆನಾಲ್ಡ್ಸ್ ಬಾಲ್‌ಪೆನ್ನು 12.50 ಡಾಲರಿಗೆ ಮಾರಾಟಕ್ಕೆ ಬಂದಾಗ ಜನ ಮುಗಿಬಿದ್ದರು. ಆದರೂ ಕರ್ನಾಟಕದ ಶಾಲೆಗಳಲ್ಲಿ ಬಾಲ್‌ಪೆನ್ನಿನಿಂದ ಅಕ್ಷರ ಕೆಡುತ್ತದೆಂಬ ಉಪಾಧ್ಯಾಯರ ನಂಬಿಕೆ ನಮ್ಮ ಕಾಲದವರೆಗೂ ಬಾಳಿತು. ಸ್ಲೇಟಿನಿಂದ ಸೀಸದ ಕಡ್ಡಿಗೆ, ಅಲ್ಲಿಂದ ಶಾಯಿಯ ಪೆನ್ನಿಗೆ ಏರುವುದು ನಮಗೆಲ್ಲ ಒಂದು ಬಗೆಯ ಉಪನಯನವೇ ಆಗಿದ್ದಿತು. ಬ್ರಿಲ್ ಶಾಯಿಯ ಬಾಟಲಿ, ಡ್ರಾಪರ್, ಪರೀಕ್ಷೆಯ ದಿನ ನೀಲಿಯಾದ ಮಧ್ಯದ ಬೆರಳು, ನಿಬ್ಬು ಹಾಳೆಯನ್ನು ಸವರುವ ಸಣ್ಣ ಸದ್ದು: ಇವು ಬರವಣಿಗೆಯ ಸುಖದ ಅಂಗಗಳೇ ಆಗಿದ್ದವು. ಕೈ ನಿಧಾನವಾದುದರಿಂದ ಯೋಚನೆಗೆ ಬಿಡುವು ದೊರೆಯುತ್ತಿತ್ತು. ಹೊಡೆದುಹಾಕಿದ ಪದವೂ ಹಾಳೆಯ ಮೇಲೆಯೇ ಉಳಿದು, ಮನಸ್ಸು ಎಲ್ಲಿ ಹಿಂಜರಿಯಿತೆಂಬುದನ್ನು ಹೇಳುತ್ತಿತ್ತು.

ವೈದ್ಯವೃತ್ತಿಯವರ ಕೈಬರಹದ ಬಗ್ಗೆ ಸಭಿಕರ ಅಭಿಪ್ರಾಯವೇನೆಂದು ನಾವು ಬಲ್ಲೆವು! 2016ರ ಮಾರ್ಚ್ 27ರಿಂದ ನ್ಯೂಯಾರ್ಕ್ ರಾಜ್ಯದಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಔಷಧದ ಚೀಟಿಯನ್ನು ಕಂಪ್ಯೂಟರಿನ ಮೂಲಕವೇ ಕಳುಹಿಸಬೇಕೆಂಬ ಕಾಯಿದೆ ಜಾರಿಗೆ ಬಂದಿತು. ಅಕ್ಷರ ತಿಳಿಯದೆ ತಪ್ಪು ಔಷಧ ಕೊಡುವ ಅಪಾಯ ತಗ್ಗಿತು, ಇದು ಒಳ್ಳೆಯದೇ. ಆದರೆ ಕೈಬರಹವು ಒಂದು ವಿಷಯವನ್ನು ಮಾತ್ರವಲ್ಲ, ಬರೆದವರ ದೇಹಸ್ಥಿತಿಯನ್ನೂ ತಿಳಿಸುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅಕ್ಷರಗಳು ಬರಬರುತ್ತ ಕಿರಿದಾಗುತ್ತವೆ. ನಾವು ಇಲ್ಲಿ ರೆಸಿಡೆನ್ಸಿಯಲ್ಲಿದ್ದ ವರ್ಷಗಳಲ್ಲಿ ಊರಿನಿಂದ ಬರುತ್ತಿದ್ದ ತಂದೆಯವರ ಏರೋಗ್ರಾಮುಗಳಲ್ಲಿ ಸಾಲಿನ ಕೊನೆಯ ಅಕ್ಷರಗಳು ಇರುವೆಗಳಂತಾಗುತ್ತ ಬಂದವು. ದೂರವಾಣಿಯಲ್ಲಿ "ಎಲ್ಲ ಚೆನ್ನಾಗಿದೆ" ಎಂದವರು ಅವರೇ. ನಿಜ ಹೇಳಿದ್ದು ಅವರ ಬರಹ.

ಇಂತಹ ಪತ್ರಗಳ ಕಟ್ಟು ಇಲ್ಲಿರುವ ಬಹುತೇಕ ಮನೆಗಳಲ್ಲಿದೆ. ಅಜ್ಜ ಅಜ್ಜಿಯರು ನೀಲಿ ಹಾಳೆಯ ಅಂಚಿನಲ್ಲಿ, ಮಡಿಕೆಯ ಮೇಲೆ, ಒಂದಿಷ್ಟೂ ಜಾಗ ಬಿಡದೆ ಬರೆದ ಅಕ್ಷರಗಳವು. ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳೂ ಅವನ್ನು ಓದಲಾರರು; ಅಚ್ಚಿನ ಅಕ್ಷರ ಕಲಿತವರಿಗೂ ಕೂಡಿಸಿ ಬರೆದ ಹಳೆಯ ಕೈ ಬಿಡಿಸಲು ಬರುವುದಿಲ್ಲ. ಅರ್ಥಶಾಸ್ತ್ರದ ಓಲೆಗಳಿಗೆ ಒಬ್ಬ ಶಾಮಶಾಸ್ತ್ರಿಗಳು ದೊರೆತರು. ನಮ್ಮ ತಾಯಂದಿರ ಪತ್ರಗಳಿಗೆ ಅಂತಹ ಪಂಡಿತರು ಬರುವುದಿಲ್ಲ. ಅವನ್ನು ಓದಬಲ್ಲ ಕೊನೆಯ ತಲೆಮಾರು ನಾವೇ.

ಆದುದರಿಂದ ಒಂದು ವಿನಂತಿ. ಅಕ್ಷರಾಭ್ಯಾಸದಂದು ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸಿದವರು ಅಲ್ಲಿಗೇ ನಿಲ್ಲಿಸಬಾರದು. ಭಾನುವಾರ ಅರ್ಧ ಗಂಟೆ, ಆ ಕಟ್ಟಿನಿಂದ ಒಂದು ಪತ್ರವನ್ನು ಮಕ್ಕಳೊಡನೆ ಕುಳಿತು ಗಟ್ಟಿಯಾಗಿ ಓದೋಣ. ಅವರಿಂದಲೇ ಕನ್ನಡದಲ್ಲಿ ಎರಡು ಸಾಲಿನ ಉತ್ತರವನ್ನು ಶಾಯಿಯ ಪೆನ್ನಿನಿಂದ ಬರೆಸೋಣ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಊರಿನಲ್ಲಿ ಅದನ್ನು ಬಿಡಿಸಿ ಓದುವ ಕಣ್ಣುಗಳು ಇನ್ನೂ ಇವೆ.