ಪ್ರವಾಸದ ಬರಹಕ್ಕೆ ತಲೆಬರಹ ಇಡುವುದು ಹೇಗೆ? ಊರು, ಇಸವಿ, ದಾರಿ ಮತ್ತು ಒಂದಿಷ್ಟು ಜವಾಬ್ದಾರಿ

ಹಂಪಿಗೆ ಹೊರಟವರು ಮೊದಲು ಮಾಡೋ ಕೆಲಸ ಮೊಬೈಲ್‌ನಲ್ಲಿ ಹುಡುಕೋದು. ‘ಹಿಪ್ಪಿ ಐಲ್ಯಾಂಡ್‌ನ ಗುಡಿಸಲಲ್ಲಿ ಎರಡು ದಿನ’ ಎಂಬಂಥ ಶೀರ್ಷಿಕೆಯ ಹಳೇ ಬರಹ, ವಿಡಿಯೊ ಕಣ್ಣಿಗೆ ಬಿದ್ದರೆ ಖುಷಿಯಾಗಿ ಬ್ಯಾಗ್ ಕಟ್ಟುತ್ತಾರೆ. ಆ ಜಾಗದ ನಿಜವಾದ ಹೆಸರು ವಿರೂಪಾಪುರ ಗಡ್ಡೆ. ಹಂಪಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಅದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದೆ. ಅಲ್ಲಿದ್ದ ಅನಧಿಕೃತ ರೆಸಾರ್ಟ್‌ಗಳ ತೆರವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಜೆಸಿಬಿಗಳು ಬಂದವು.

2018ರಲ್ಲಿ ಬರೆದವರು ಸುಳ್ಳು ಹೇಳಿಲ್ಲ. ಅವರು ಹೋದಾಗ ಗುಡಿಸಲು ಇತ್ತು, ಹೊಳೆದಂಡೆಯ ಸಂಜೆಯೂ ಇತ್ತು. ಆದರೆ ತಲೆಬರಹದಲ್ಲಿ ಇಸವಿ ಇರಲಿಲ್ಲ, ಊರಿನ ಹೆಸರೂ ಇರಲಿಲ್ಲ. ಓದಿದವರು ಅದನ್ನು ಇವತ್ತಿನ ಸುದ್ದಿ ಅಂತ ನಂಬಿಬಿಟ್ಟರು.

ಇವತ್ತು ಟೂರ್ ಹೋಗಿ ಬಂದ ಪ್ರತಿಯೊಬ್ಬರೂ ಒಂದು ರೀತಿಯಲ್ಲಿ ವರದಿಗಾರರೇ. ಬರಹವನ್ನೋ ವಿಡಿಯೊವನ್ನೋ ಹಂಚುತ್ತೇವೆ. ಒಳಗಿನ ವಿಷಯಕ್ಕೆ ತಾಸುಗಟ್ಟಲೆ ಕೂರುವ ನಾವು ತಲೆಬರಹಕ್ಕೆ ಕೊಡೋದು ಅರ್ಧ ನಿಮಿಷ. ಆದರೆ ಯಾರು ಬರುತ್ತಾರೆ, ಎಷ್ಟು ಸಿದ್ಧರಾಗಿ ಬರುತ್ತಾರೆ, ಅಲ್ಲಿನ ಜನರನ್ನು ಏನಂದುಕೊಂಡು ಬರುತ್ತಾರೆ ಎಂಬುದೆಲ್ಲ ಬಹುಮಟ್ಟಿಗೆ ನಿರ್ಧಾರವಾಗೋದು ಆ ಒಂದು ಸಾಲಿನಲ್ಲೇ.

ತಲೆಬರಹದ ಎರಡು ಕೆಲಸ

ಮೊದಲನೆಯದು, ಬೇಕಾದವರಿಗೆ ಸಿಗುವುದು. ಎರಡನೆಯದು, ಬೇಡದವರು ತೆರೆಯದೇ ಮುಂದೆ ಹೋಗುವಂತೆ ಮಾಡುವುದು. ಎರಡನೆಯದನ್ನು ನಾವು ಮರೆತುಬಿಡುತ್ತೇವೆ. ಎಲ್ಲರೂ ಕ್ಲಿಕ್ ಮಾಡಲಿ ಅಂತ ಬರೆದಾಗ ‘ಈ ಜಾಗ ನೋಡಿದ್ರೆ ಶಾಕ್ ಆಗ್ತೀರಾ!’ ಹುಟ್ಟುತ್ತದೆ. ಅದರಿಂದ ನಮಗೆ ವ್ಯೂಸ್ ಸಿಗಬಹುದು, ಓದುಗರಿಗೆ ಮಾಹಿತಿ ಸಿಗೋದಿಲ್ಲ.

ಕನ್ನಡದ ಪ್ರವಾಸ ಕಥನಗಳ ಹೆಸರು ನೋಡಿ. ಶಿವರಾಮ ಕಾರಂತರ ‘ಅಬೂವಿನಿಂದ ಬರಾಮಕ್ಕೆ’ ಎಲ್ಲಿಂದ ಎಲ್ಲಿಗೆ ಅಂತ ಹೇಳಿಬಿಡುತ್ತದೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಹೋದವರು ಯಾರು, ಹೋದದ್ದು ಎಲ್ಲಿಗೆ ಎಂಬುದನ್ನು ಎರಡೇ ಪದದಲ್ಲಿ ಮುಗಿಸುತ್ತದೆ. ಇವುಗಳಲ್ಲಿ ಸೊಗಸಿಲ್ಲ ಅಂತ ಯಾರೂ ಹೇಳಲಾರರು. ಮಾಹಿತಿ ಮತ್ತು ಸೊಗಸು ಒಟ್ಟಿಗೇ ಇರಬಹುದು.

ಊರಿನ ಹೆಸರು ಮೊದಲು, ಅದೂ ಅಲ್ಲಿನವರ ಹೆಸರು

ಮೊಬೈಲ್ ಪರದೆಯಲ್ಲಿ ಉದ್ದದ ಶೀರ್ಷಿಕೆ ಅರ್ಧಕ್ಕೇ ತುಂಡಾಗುತ್ತದೆ. ಹಾಗಾಗಿ ಜಾಗದ ಹೆಸರು ಆರಂಭದಲ್ಲೇ ಇರಲಿ. ‘ಮಳೆಯಲ್ಲಿ ಗೆಳೆಯರ ಜೊತೆ ಮರೆಯಲಾಗದ ಒಂದು ದಿನ: ಕೊಡಚಾದ್ರಿ’ ಅಂತ ಬರೆದರೆ ಕೊಡಚಾದ್ರಿಯೇ ಕಾಣೆಯಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ‘ಕೊಡಚಾದ್ರಿ’ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಆದರೆ ಯೂನಿಕೋಡ್ ಲೆಕ್ಕದಲ್ಲಿ ಗುಣಿತ, ಒತ್ತು ಎಲ್ಲ ಬಿಡಿಸಿ ಎಣಿಸಿದರೆ ಒಂಬತ್ತು. ಯೂಟ್ಯೂಬ್‌ನಲ್ಲಿ ಶೀರ್ಷಿಕೆಗೆ ಇರೋ ಮಿತಿ 100 ಅಕ್ಷರ. ಕನ್ನಡದಲ್ಲಿ ಅದು ಬೇಗ ಖರ್ಚಾಗುತ್ತದೆ. ‘ಅದ್ಭುತ’, ‘ರೋಮಾಂಚಕ’, ‘ಸ್ವರ್ಗ’ ಇವಕ್ಕೆ ಜಾಗ ಕೊಡುವ ಮೊದಲು ತಾಲ್ಲೂಕಿಗೆ, ತಿಂಗಳಿಗೆ ಜಾಗ ಉಳಿದಿದೆಯಾ ನೋಡಿಕೊಳ್ಳಿ.

ತಾಲ್ಲೂಕು ಅಥವಾ ಜಿಲ್ಲೆ ಯಾಕೆ ಬೇಕು? ಒಂದೇ ಹೆಸರಿನ ಊರು, ಬೆಟ್ಟ, ಕೆರೆ ನಮ್ಮಲ್ಲಿ ಎಷ್ಟೋ ಇವೆ. ಜೊತೆಗೆ ಗಡಿಯ ಗೊಂದಲವೂ ಇದೆ. ಕೊಡಚಾದ್ರಿ ಇರೋದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಅನೇಕರು ಅಲ್ಲಿಗೆ ಹೊರಡೋದು ಉಡುಪಿ ಜಿಲ್ಲೆಯ ಕೊಲ್ಲೂರಿನಿಂದ. ಜೀಪ್‌ನಲ್ಲಿ ಹೋದವರ ಅನುಭವವೇ ಬೇರೆ, ಹಿಡ್ಲುಮನೆ ಜಲಪಾತದ ಕಡೆಯಿಂದ ನಡೆದು ಹತ್ತಿದವರದ್ದೇ ಬೇರೆ. ಬರೀ ‘ಕೊಡಚಾದ್ರಿ ಟ್ರಿಪ್’ ಅಂದರೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯಬೇಕೆಂದಿರುವವರಿಗೆ ಏನೂ ಗೊತ್ತಾಗೋದಿಲ್ಲ.

ಹೆಸರು ಬದಲಾದ ಊರುಗಳ ವಿಷಯದಲ್ಲೂ ಎಚ್ಚರ ಬೇಕು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಹಂಪಿ 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಶೀರ್ಷಿಕೆಯಲ್ಲಿ ಇವತ್ತಿನ ಹೆಸರು ಇರಲಿ, ಹಳೇ ಹೆಸರು ಬರಹದ ಮೊದಲ ಸಾಲಿನಲ್ಲಿ ಬರಲಿ. ಹಾಗೆ ಮಾಡಿದರೆ ಎರಡೂ ಥರ ಹುಡುಕುವವರಿಗೆ ಸಿಗುತ್ತದೆ.

ಇನ್ನು ಎರವಲು ಹೆಸರುಗಳು. ಕೊಡಗು ‘ಭಾರತದ ಸ್ಕಾಟ್ಲೆಂಡ್’, ಗೋಕಾಕ್ ಜಲಪಾತ ‘ಕರ್ನಾಟಕದ ನಯಾಗರ’, ಆಗುಂಬೆ ‘ದಕ್ಷಿಣದ ಚಿರಾಪುಂಜಿ’. ಹೋಲಿಕೆ ಯಾರಿಗಾಗಿ? ಘಟಪ್ರಭಾ ನದಿಯ ಜಲಪಾತ ನೋಡೋಕೆ ಬೆಳಗಾವಿ ಕಡೆಯವರಿಗೆ ನಯಾಗರದ ಸಾಕ್ಷಿ ಬೇಕಿಲ್ಲ. ನಮ್ಮ ನೆಲವನ್ನು ಬೇರೆ ಯಾರದೋ ಭೂಪಟದ ನಕಲಿನಂತೆ ಪರಿಚಯಿಸುವ ಚಟ ಇದು. ಹುಡುಕುವವರಿಗೂ ಇದರಿಂದ ಉಪಯೋಗವಿಲ್ಲ. ಬಸ್ ಬೋರ್ಡಿನಲ್ಲಿ ‘ಸ್ಕಾಟ್ಲೆಂಡ್’ ಅಂತ ಬರೆದಿರೋದಿಲ್ಲ, ಮಡಿಕೇರಿ ಅಂತಲೇ ಇರುತ್ತದೆ.

ತಿಂಗಳು ಮತ್ತು ಇಸವಿ: ಬಿಡಲೇಬಾರದ ಎರಡು ಪದ

ಜೋಗ ಆಗಸ್ಟ್‌ನಲ್ಲಿ ಒಂದು ಜೋಗ, ಮಾರ್ಚ್‌ನಲ್ಲಿ ಇನ್ನೊಂದು. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯಲ್ಲಿ ಎಷ್ಟು ನೀರಿರುತ್ತದೆ ಎಂಬುದಕ್ಕೆ ಮಳೆಯ ಜೊತೆ ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟೂ ಕಾರಣ. ‘ಜೋಗ ಜಲಪಾತದ ವೈಭವ’ ಅಂತ ಓದಿಕೊಂಡು ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆತಂದ ಕುಟುಂಬಕ್ಕೆ ಕಾಣೋದು ಬಂಡೆ ಮತ್ತು ಸಣ್ಣ ನೀರಿನ ಗೆರೆಗಳು. ‘ಜೋಗ, ಆಗಸ್ಟ್ 2024’ ಅಂತ ಇದ್ದಿದ್ದರೆ ಅವರೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

ನೀಲಿ ಕುರಿಂಜಿ ಇದಕ್ಕಿಂತ ಕಟ್ಟುನಿಟ್ಟು. ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಅದು 2022ರಲ್ಲಿ ಅರಳಿತ್ತು. ಮತ್ತೆ ಅರಳೋಕೆ ಹನ್ನೆರಡು ವರ್ಷ ಬೇಕು. ‘ಬೆಟ್ಟವೆಲ್ಲ ನೀಲಿ ನೀಲಿ’ ಎಂಬ ಶೀರ್ಷಿಕೆ ಮಾತ್ರ ಪ್ರತಿ ಸೆಪ್ಟೆಂಬರ್‌ನಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಅರಳಬಲ್ಲದು.

ಋತುವಿನಂತೆ ನಿಯಮವೂ ಬದಲಾಗುತ್ತದೆ. ಕುಮಾರಪರ್ವತದಲ್ಲಿ 2024ರ ಜನವರಿ ಕೊನೆಯ ವಾರಾಂತ್ಯ ಚಾರಣಿಗರ ಜಾತ್ರೆಯೇ ನೆರೆದಿತ್ತು. ಆ ವಿಡಿಯೊ ಎಲ್ಲೆಡೆ ಹರಿದಾಡಿದ ಮೇಲೆ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣ ಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. 2023ರ ಅನುಭವವನ್ನು ಇಸವಿ ಇಲ್ಲದೆ ಹಂಚಿದರೆ ಓದಿದವರು ಬುಕಿಂಗ್ ಮಾಡದೇ ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತಾರೆ. ಕಾವಲು ನಿಂತ ಅರಣ್ಯ ಸಿಬ್ಬಂದಿ ಜೊತೆ ಜಗಳ ಬೇರೆ.

ಹೇಗೆ ಹೋದಿರಿ, ಎಷ್ಟಾಯಿತು, ಯಾರಿದ್ದರು?

‘ಬಜೆಟ್ ಟ್ರಿಪ್’ ಎಂಬ ಪದಕ್ಕೆ ಅರ್ಥವೇ ಉಳಿದಿಲ್ಲ. ಒಬ್ಬರ ಬಜೆಟ್ ಇನ್ನೊಬ್ಬರ ತಿಂಗಳ ಮನೆ ಬಾಡಿಗೆ. ಅಂಕಿ ಬರೆಯಿರಿ: ‘ಇಬ್ಬರಿಗೆ 3,200 ರೂಪಾಯಿ’. ಸ್ವಂತ ಕಾರಿನಲ್ಲಿ ಹೋಗಿದ್ದರೆ ಕಾರು ಅಂತ, ಬಸ್ಸಾದರೆ ಬಸ್ಸು ಅಂತ ಹೇಳಿ. ಪ್ರವಾಸ ಅಂದ್ರೆ ಕಾರು ಅಥವಾ ಬುಲೆಟ್ ಎಂಬ ಊಹೆ ನಮ್ಮ ಪ್ರವಾಸ ಬರಹಗಳಲ್ಲಿ ಗಟ್ಟಿಯಾಗಿ ಕೂತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಓಡಾಡಬಹುದು. ‘ಶಕ್ತಿ ಬಸ್‌ನಲ್ಲಿ ಬಾದಾಮಿ–ಐಹೊಳೆ–ಪಟ್ಟದಕಲ್ಲು: ಮೂವರು ಗೆಳತಿಯರು, ಎರಡು ದಿನ’ ಎಂಬ ಶೀರ್ಷಿಕೆ ಓದಿ, ಮನೆಯಲ್ಲಿ ಕೇಳಿ ಹೊರಡುವ ಹುಡುಗಿಯರು ಎಷ್ಟೋ ಇರಬಹುದು.

ಗಾಲಿಕುರ್ಚಿ ಹೋಗುತ್ತದೆಯೇ, ಶೌಚಾಲಯ ಇದೆಯೇ, ಒಂಟಿ ಹೆಣ್ಣುಮಗಳು ಸಂಜೆ ಏಳರ ನಂತರ ಹಿಂತಿರುಗಲು ಬಸ್ಸಿದೆಯೇ? ಎಲ್ಲವೂ ಶೀರ್ಷಿಕೆಯಲ್ಲಿ ಹಿಡಿಸೋದಿಲ್ಲ. ನಿಮ್ಮ ಬರಹದಲ್ಲಿ ಇವುಗಳಲ್ಲಿ ಯಾವುದಕ್ಕಾದರೂ ಉತ್ತರವಿದ್ದರೆ ಅದೇ ನಿಮ್ಮ ಶೀರ್ಷಿಕೆ. ಸೂರ್ಯಾಸ್ತದ ಬಗ್ಗೆ ಈಗಾಗಲೇ ಸಾವಿರ ಜನ ಬರೆದಿದ್ದಾರೆ.

ಅಪಾಯವನ್ನು ಸಾಹಸ ಅನ್ನಬೇಡಿ

2023ರ ಜುಲೈನಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದ ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಆ ಕ್ಷಣವೂ ಮೊಬೈಲ್‌ನಲ್ಲಿ ಸೆರೆಯಾಗಿತ್ತು. ಅಂಥ ಜಾಗಕ್ಕೆ ‘ಥ್ರಿಲ್ಲಿಂಗ್ ವ್ಯೂ ಪಾಯಿಂಟ್’ ಅಂತ ಹೆಸರಿಡುವ ಮುನ್ನ ಇದನ್ನು ನೆನೆಯಬೇಕು. ‘ಮಳೆಗಾಲದಲ್ಲಿ ಬಂಡೆ ಜಾರುತ್ತದೆ’ ಎಂಬ ಮೂರು ಪದಕ್ಕೆ ಶೀರ್ಷಿಕೆಯಲ್ಲಿ ಜಾಗ ಮಾಡಿ.

ದೂಧ್‌ಸಾಗರ ಮತ್ತು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ‘ರೈಲ್ವೆ ಟ್ರ್ಯಾಕ್ ಟ್ರೆಕ್’ ಕಥೆಯೂ ಹೀಗೇ. ಹಳಿ ಮೇಲೆ ಅತಿಕ್ರಮವಾಗಿ ನಡೆಯೋದು ರೈಲ್ವೆ ಕಾಯ್ದೆಯ ಸೆಕ್ಷನ್ 147ರ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ. ‘ಟ್ರೆಕ್’ ಅಂದ ಕೂಡಲೇ ಅದು ಕಾನೂನುಬದ್ಧ ಚಾರಣ ಪಥದಂತೆ ಕೇಳಿಸುತ್ತದೆ. ‘ಬೆಂಗಳೂರಿನಿಂದ ವಯನಾಡಿಗೆ ನೈಟ್ ಡ್ರೈವ್’ ಅಂತ ಬರೆಯುವವರೂ ಗಮನಿಸಬೇಕು. ಬಂಡೀಪುರದೊಳಗೆ ಹಾಯುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ.

‘ಯಾರೂ ನೋಡಿರದ ಜಾಗ’ ಅಂದ್ರೆ ಯಾರು ಆ ‘ಯಾರೂ’?

‘ಯಾರಿಗೂ ಗೊತ್ತಿಲ್ಲದ’, ‘ಯಾರೂ ಕಾಲಿಡದ’. ಇಂಥ ಶೀರ್ಷಿಕೆ ಬರೆದವರು ಹಳ್ಳಿಯವರನ್ನು ಕೇಳಿಯೇ ದಾರಿ ಹಿಡಿದಿರುತ್ತಾರೆ. ಚಹಾ ಕುಡಿದದ್ದೂ ಅಲ್ಲಿನ ಅಂಗಡಿಯಲ್ಲೇ. ಆದರೂ ಅವರು ಆ ‘ಯಾರೂ’ ಲೆಕ್ಕಕ್ಕೆ ಬರೋದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೋಡಿ. ತಾವು ಬಾಳಿದ ಕಾಡಿನ ಮೇಲೆ ತಮಗೆ ಹಕ್ಕಿದೆ ಅಂತ ಅವರು ಹೋರಾಡಿ, 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಪಡೆದರು. ಅಲ್ಲಿನ ದೊಡ್ಡ ಸಂಪಿಗೆ ಮರ ಅವರಿಗೆ ದೈವ. ಅದಕ್ಕೆ ‘ಕಾಡೊಳಗಿನ ಸೀಕ್ರೆಟ್ ಸ್ಪಾಟ್’ ಅಂತ ಹೆಸರಿಟ್ಟರೆ ಒಂದು ಸಮುದಾಯದ ಗುಡಿಯನ್ನು ಪಿಕ್ನಿಕ್ ಜಾಗ ಮಾಡಿದಂತೆ. ‘ಬಿಳಿಗಿರಿರಂಗನ ಬೆಟ್ಟ: ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ’ ಅಂದರೆ ಹೆಸರು, ಜನ, ಗೌರವ ಮೂರೂ ಉಳಿಯುತ್ತವೆ. ಓದಿ ಬಂದವರು ಚಪ್ಪಲಿ ಬಿಡೋದು ಎಲ್ಲಿ ಅಂತಲಾದರೂ ಕೇಳುತ್ತಾರೆ.

ಹೆಸರು ಹೇಳದಿರುವುದೂ ಸರಿಯಾದಾಗ

ಕೆಲವು ಸಲ ಜಾಗ ಗುರುತಿಸದೇ ಇರೋದೇ ಒಳ್ಳೇದು. ಎಲೆ ಗುಡ್ಡೆ ಹಾಕಿ ಗೂಡು ಕಟ್ಟಿದ ಕಾಳಿಂಗ ಸರ್ಪ, ಹಕ್ಕಿ ಮರಿ ಮಾಡುತ್ತಿರುವ ಮರ, ಊರಿನವರು ಹೊರಗಿನವರನ್ನು ಬಿಡದ ದೇವರಕಾಡು. ಇಲ್ಲಿ ಜಿಲ್ಲೆಯ ಹೆಸರು ಸಾಕು. ಆದರೆ ಅದನ್ನು ನೇರವಾಗಿ ಹೇಳಿ: ‘ಶಿವಮೊಗ್ಗದ ಒಂದು ಕಾಡಲ್ಲಿ ಕಾಳಿಂಗದ ಗೂಡು: ಜಾಗ ಹೇಳುತ್ತಿಲ್ಲ, ಕಾರಣ ಒಳಗಿದೆ’. ಹೆಸರು ಮುಚ್ಚಿಟ್ಟು ಕುತೂಹಲ ಕೆರಳಿಸುವ ಶೀರ್ಷಿಕೆಗೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ತಿದ್ದಿ ನೋಡೋಣ

* ‘ಭೂಲೋಕದ ಸ್ವರ್ಗ!’ → ‘ಕೊಡಚಾದ್ರಿ (ಹೊಸನಗರ), ಜುಲೈ 2024: ಕೊಲ್ಲೂರಿನಿಂದ ಜೀಪ್, ಮೇಲೆ ಪೂರ್ತಿ ಮಂಜು’
* ‘ಹಂಪಿ ಡೈರೀಸ್’ → ‘ಹಂಪಿ, ಡಿಸೆಂಬರ್ 2024: ಹೊಸಪೇಟೆಯಿಂದ ಬಸ್, ಬಾಡಿಗೆ ಸೈಕಲ್‌ನಲ್ಲಿ ಎರಡು ದಿನ’
* ‘ನಮ್ಮ ಕ್ರೇಜಿ ಟ್ರೆಕ್’ → ‘ಕುಮಾರಪರ್ವತ, ನವೆಂಬರ್ 2024: ಬುಕಿಂಗ್ ಹೇಗೆ, ನೀರು ಎಲ್ಲಿ ಸಿಗುತ್ತೆ’
* ‘ಮೋಸ ಹೋದೆವು’ → ‘ಜೋಗ, ಮಾರ್ಚ್ 2025: ನೀರು ಕಡಿಮೆ, ಮಳೆಗಾಲಕ್ಕೆ ಕಾಯಿರಿ’

ಕೊನೆಯದನ್ನು ಗಮನಿಸಿ. ಚೆನ್ನಾಗಿ ಆಗದ ಪ್ರವಾಸದ ವರದಿಯೂ ಉಪಯೋಗಕ್ಕೆ ಬರುತ್ತದೆ. ಹಾಗಂತ ಶೀರ್ಷಿಕೆಯಲ್ಲೇ ಹೇಳಿದರೆ ಇನ್ನೊಬ್ಬರ ರಜೆ, ದುಡ್ಡು ಎರಡೂ ಉಳಿಯುತ್ತದೆ.

ತಲೆಬರಹವನ್ನು ಮೊದಲೇ ಬರೆದಿಡಬೇಡಿ. ಬರಹ ಮುಗಿದ ಮೇಲೆ, ಆ ಊರಿಗೆ ಹೊರಡುವ ಮುನ್ನ ನೀವೇ ಏನಂತ ಹುಡುಕಿದ್ದಿರಿ ಅಂತ ನೆನಪಿಸಿಕೊಳ್ಳಿ. ಆ ಪದಗಳೇ ಶೀರ್ಷಿಕೆಗೆ ಬೇಕು. ಬಿಡುವಾದಾಗ ನಿಮ್ಮ ಹಳೇ ಪೋಸ್ಟ್‌ಗಳನ್ನೂ ಒಮ್ಮೆ ತೆರೆದು ಇಸವಿ ಸೇರಿಸಿ. ದಾರಿ ಮುಚ್ಚಿದ್ದರೆ ‘ಈಗ ಅವಕಾಶವಿಲ್ಲ’ ಅಂತ ಶೀರ್ಷಿಕೆಯಲ್ಲೇ ಹಾಕಿ. ಎರಡು ನಿಮಿಷದ ಕೆಲಸ. ವಿರೂಪಾಪುರ ಗಡ್ಡೆಯಲ್ಲಿ ಇಲ್ಲದ ಗುಡಿಸಲು ಹುಡುಕುತ್ತಾ ನಿಲ್ಲುವವರು ಅಷ್ಟಾದರೂ ಕಡಿಮೆಯಾಗುತ್ತಾರೆ.